ಕಣ್ಣನ್ನು ಅಳೆದವರ ಕಥೆ

ನಮ್ಮ ಸಂಘದ ಮಕ್ಕಳ ಕಾರ್ಯಕ್ರಮಗಳಿಗೆ ತಪ್ಪದೆ ಬರುವವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಕೋಲಾಟಕ್ಕೋ ನಾಟಕಕ್ಕೋ ವೇದಿಕೆ ಹತ್ತುವ ಮೊದಲು ಮಕ್ಕಳು ಕನ್ನಡಕ ತೆಗೆದು ತಾಯಂದಿರ ಕೈಗೆ ಕೊಡುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ಹೀಗೆ ಕೊಡುವವರು ಒಬ್ಬರೋ ಇಬ್ಬರೋ ಇರುತ್ತಿದ್ದರು. ಈಗ ಮುಂದಿನ ಸಾಲಿನಲ್ಲಿ ಕುಳಿತ ತಾಯಂದಿರ ಮಡಿಲುಗಳಲ್ಲಿ ಕನ್ನಡಕಗಳ ಸಾಲೇ ಇರುತ್ತದೆ. ನಾವು ಊರಿನಲ್ಲಿ ಹುಡುಗರಾಗಿದ್ದಾಗ ದಪ್ಪ ಕನ್ನಡಕದವನನ್ನು ‘ಸೋಡಾಬುಡ್ಡಿ’ ಎಂದು ಕೂಗಿ ಅಳಿಸುವುದಿತ್ತು. ಇಂದು ದೆಹಲಿಯ ಶಾಲೆಗಳಲ್ಲಿ ಹಾಗೆ ಕೂಗಲು ಹೊರಟರೆ ಕೂಗುವವನ ಮೂಗಿನ ಮೇಲೂ ಒಂದು ಸೋಡಾಬುಡ್ಡಿ ಇದ್ದೀತು.

ಕಣ್ಣಿನ ಡಾಕ್ಟರ ಬಳಿಗೆ ಹೋಗಿ ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ “ನಂಬರ್ ಎಷ್ಟು?” ಎಂಬುದು. ಮೈನಸ್ ಎರಡು ಎಂದರೆ ಸಮಾಧಾನ, ಮೈನಸ್ ಆರು ಎಂದರೆ ನಿಟ್ಟುಸಿರು. ಹೆಣ್ಣುಮಗುವಾದರೆ ಅಜ್ಜಿಯ ನಿಟ್ಟುಸಿರು ಇನ್ನಷ್ಟು ಉದ್ದ. ಆದರೆ ಈ ನಂಬರ್ ಅಳೆಯುವುದು ಏನನ್ನು? ಕಣ್ಣನ್ನಲ್ಲ, ಕಣ್ಣಿನ ಮುಂದೆ ಇಡಬೇಕಾದ ಗಾಜನ್ನು. ಗಾಜಿನ ಬಳಕೆ ಮನುಷ್ಯನಿಗೆ ಐದಾರು ಶತಮಾನಗಳಿಂದ ಗೊತ್ತು. ಕಣ್ಣಿನ ಅಳತೆ, ಅದರಲ್ಲೂ ಬದುಕಿರುವವರ ಕಣ್ಣಿನ ಹಿಂಗೋಡೆ ಎಷ್ಟು ದಪ್ಪ ಎಂಬ ಅಳತೆ, ಸರಿಯಾಗಿ ಕೈಗೆ ಸಿಕ್ಕಿದ್ದು 2008ರ ಸುಮಾರಿಗೆ. ಅದು ಸಿಕ್ಕಿದ ಬಗೆಯನ್ನೂ, ಸಿಕ್ಕಿದ ಮೇಲೆ ನಮ್ಮ ಮಕ್ಕಳ ಕಣ್ಣಿನ ವಿಷಯದಲ್ಲಿ ನಾವು ತಿಳಿದುಕೊಳ್ಳಬೇಕಾದುದನ್ನೂ ಇಲ್ಲಿ ಬರೆಯಬೇಕೆಂದಿದ್ದೇವೆ.

ತೆಂಗಿನಕಾಯಿಯಂಥ ಕಣ್ಣು

ಮೊದಲು ಕಣ್ಣುಗುಡ್ಡೆಯ ರಚನೆಯನ್ನು ನೆನಪಿಗೆ ತಂದುಕೊಳ್ಳೋಣ. ಹೋಲಿಕೆಗೆ ತೆಂಗಿನಕಾಯಿ ಸಾಕು. ಚಿಪ್ಪಿನ ಜಾಗದಲ್ಲಿ ಕಣ್ಣಿಗೆ ಇರುವುದು ಗಟ್ಟಿಯಾದ ಬಿಳಿಯ ಹೊದಿಕೆ. ಅದರ ಹೆಸರು ಸ್ಕ್ಲೀರಾ. ಬಿಳಿ ಕಾಯಿಯ ಜಾಗದಲ್ಲಿ ಇರುವುದು ಬೆಳಕನ್ನು ಗ್ರಹಿಸುವ ಅಕ್ಷಿಪಟಲ, ಅಂದರೆ ರೆಟಿನಾ. ಚಿಪ್ಪಿಗೂ ಕಾಯಿಗೂ ನಡುವೆ ಕಂದು ಬಣ್ಣದ ತೆಳುಸಿಪ್ಪೆಯೊಂದು ಅಂಟಿಕೊಂಡಿರುತ್ತದಲ್ಲವೆ? ಕಣ್ಣಿನಲ್ಲಿಯೂ ಅದೇ ಜಾಗದಲ್ಲಿ ಒಂದು ಕಂದು ಪೊರೆಯಿದೆ. ಅದೇ ಕೋರಾಯ್ಡ್. ರಕ್ತನಾಳಗಳೇ ಹೆಣೆದುಕೊಂಡು ಆಗಿರುವ ಈ ಪೊರೆ ರೆಟಿನಾದ ಹೊರಪದರಗಳಿಗೆ ಆಮ್ಲಜನಕವನ್ನೂ ಪೋಷಣೆಯನ್ನೂ ಒದಗಿಸುತ್ತದೆ. ಎಳನೀರಿನ ಜಾಗದಲ್ಲಿ ಲೋಳೆಯಂಥ ಪಾರದರ್ಶಕ ವಸ್ತು ತುಂಬಿದೆ. ಮುಂದುಗಡೆ ಬೆಳಕು ಒಳಗೆ ಬರುವ ಕಿಟಕಿ ಕಾರ್ನಿಯಾ, ಅದರ ಹಿಂದೆ ಮಸೂರ.

ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ. ದೂರದ ವಸ್ತುವಿನ ಬಿಂಬ ಸರಿಯಾಗಿ ರೆಟಿನಾದ ಮೇಲೆ ಮೂಡಿದರೆ ನೋಟ ಸ್ಪಷ್ಟ. ಕಣ್ಣು ಬೇಕಾದುದಕ್ಕಿಂತ ಉದ್ದವಾದರೆ ಬಿಂಬ ರೆಟಿನಾದ ಮುಂದೆಯೇ ಮೂಡುತ್ತದೆ, ರೆಟಿನಾವನ್ನು ತಲಪುವಷ್ಟರಲ್ಲಿ ಮಸುಕಾಗಿರುತ್ತದೆ. ಹತ್ತಿರದ ಪುಸ್ತಕ ಕಾಣುತ್ತದೆ, ದೂರದ ಕರಿಹಲಗೆ ಕಾಣುವುದಿಲ್ಲ. ಇದೇ ಸಮೀಪದೃಷ್ಟಿ. ಕಣ್ಣು ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ ನಂಬರ್ ಸುಮಾರು ಎರಡೂವರೆಯಿಂದ ಮೂರರಷ್ಟು ಏರುತ್ತದೆ.

ಇದು ಇಂದು ಶಾಲೆಯ ಪಾಠ. ಆದರೆ ಮುಚ್ಚಿದ ಗೋಲವೊಂದರ ಉದ್ದವನ್ನೂ ಅದರ ಗೋಡೆಯ ದಪ್ಪವನ್ನೂ ಒಡೆಯದೆ ಅಳೆಯುವುದು ಹೇಗೆ? ತೆಂಗಿನಕಾಯಿಯನ್ನಾದರೂ ಒಡೆದು ನೋಡಬಹುದು.

ಗಾಜು ಮೊದಲು, ಅಳತೆ ಆಮೇಲೆ

ಸಮೀಪದೃಷ್ಟಿಯವರಿಗೆ ನಿಮ್ನ ಮಸೂರದ ಕನ್ನಡಕಗಳು 15ನೆಯ ಶತಮಾನದ ಇಟಲಿಯಲ್ಲಿಯೇ ತಯಾರಾಗುತ್ತಿದ್ದುವು. ಅವು ಏಕೆ ಕೆಲಸ ಮಾಡುತ್ತವೆ ಎಂಬುದು ಮಾತ್ರ ಮಾಡಿದವರಿಗೂ ಗೊತ್ತಿರಲಿಲ್ಲ, ಹಾಕಿಕೊಂಡವರಿಗೂ ಗೊತ್ತಿರಲಿಲ್ಲ. ಕಾರಣವನ್ನು 1604ರಲ್ಲಿ ಬಿಡಿಸಿ ಹೇಳಿದವನು ಗ್ರಹಗಳ ಚಲನೆಯ ನಿಯಮಗಳಿಂದ ನಮಗೆ ಪರಿಚಿತನಾದ ಯೋಹಾನೆಸ್ ಕೆಪ್ಲರ್. ಬಾಲ್ಯದಲ್ಲಿ ಬಂದ ಸಿಡುಬಿನಿಂದ ಅವನ ದೃಷ್ಟಿಯೇ ಕುಂದಿತ್ತು. ಬಿಂಬ ತಲೆಕೆಳಗಾಗಿ ರೆಟಿನಾದ ಮೇಲೆ ಮೂಡುತ್ತದೆ, ಸಮೀಪದೃಷ್ಟಿಯವರಲ್ಲಿ ದೂರದ ಕಿರಣಗಳು ರೆಟಿನಾಕ್ಕೆ ಮೊದಲೇ ಕೂಡುತ್ತವೆ, ನಿಮ್ನ ಮಸೂರ ಆ ಕೂಡುವ ಬಿಂದುವನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಅವನು ತೋರಿಸಿಕೊಟ್ಟ. ದೋಷ ಕಣ್ಣಿನ ಉದ್ದದಲ್ಲಿದೆಯೋ, ಕಾರ್ನಿಯಾದ ಬಾಗಿನಲ್ಲಿದೆಯೋ, ಮಸೂರದಲ್ಲಿದೆಯೋ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಬದುಕಿರುವ ಕಣ್ಣನ್ನು ಅಳೆಯುವ ಧೈರ್ಯ ಮಾಡಿದವನು ಇಂಗ್ಲೆಂಡಿನ ಥಾಮಸ್ ಯಂಗ್. ಬೆಳಕು ಅಲೆ ಎಂದು ತೋರಿಸಿದ ಯಂಗ್‌ನನ್ನು ನಾವೆಲ್ಲ ಬಿ.ಎಸ್‌ಸಿ. ತರಗತಿಯಲ್ಲಿ ಓದಿದ್ದೇವೆ. ಆತ ತನ್ನ ಕಣ್ಣನ್ನೇ ಪ್ರಯೋಗಶಾಲೆ ಮಾಡಿಕೊಂಡದ್ದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಕಣ್ಣನ್ನು ಮೂಗಿನ ಕಡೆಗೆ ಸಾಧ್ಯವಾದಷ್ಟು ತಿರುಗಿಸಿ, ಕೈವಾರದ ಒಂದು ತುದಿಯನ್ನು ಕಾರ್ನಿಯಾದ ಕಡೆಗೂ ಇನ್ನೊಂದನ್ನು ಹೊರಮೂಲೆಯಿಂದ ಗುಡ್ಡೆಯ ಹಿಂಬದಿಗೂ ಒತ್ತಿ ಹಿಡಿದ. ಹಿಂದೆ ಒತ್ತಿದಾಗ ಕಣ್ಣೊಳಗೆ ಬೆಳಕಿನ ಉಂಗುರವೊಂದು ಹೊಳೆಯುತ್ತದೆ. ಅದು ನೋಟದ ನಡುವಿಗೆ ಬಂದಾಗ ಕೈವಾರ ಸರಿಯಾದ ಜಾಗಕ್ಕೆ ತಲಪಿದೆ ಎಂದು ಲೆಕ್ಕ. 1801ರಲ್ಲಿ ಪ್ರಕಟವಾದ ಆ ಪ್ರಬಂಧದ ಪ್ರಕಾರ ಅವನ ಕಣ್ಣಿನ ಉದ್ದ ಇಂದಿನ ಮಾನದಲ್ಲಿ ಸುಮಾರು 23 ಮಿಲಿಮೀಟರ್. ಇಂದಿನ ಯಂತ್ರಗಳು ಕೊಡುವ ಅಳತೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಓದುಗರು ದಯವಿಟ್ಟು ಈ ಪ್ರಯೋಗಕ್ಕೆ ಕೈಹಾಕಬಾರದು.

ಸಮೀಪದೃಷ್ಟಿಯವರ ಕಣ್ಣು ನಿಜಕ್ಕೂ ಉದ್ದವೆಂದು ಪಕ್ಕಾ ಮಾಡಿದವನು ಆಸ್ಟ್ರಿಯಾದ ವೈದ್ಯ ಫರ್ಡಿನೆಂಡ್ ಆರ್ಲ್ಟ್. 1850ರ ದಶಕದಲ್ಲಿ ಅವನು, ಬದುಕಿದ್ದಾಗ ಸಮೀಪದೃಷ್ಟಿಯಿದ್ದವರ ಕಣ್ಣುಗಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿ, ಗುಡ್ಡೆಯ ಹಿಂಭಾಗ ಹಿಗ್ಗಿರುವುದನ್ನು ಕಂಡ. ಹಿಗ್ಗಿದ ಕಡೆ ಗೋಡೆ ತೆಳುವಾಗಿತ್ತು. ಬಲೂನು ಊದಿದಷ್ಟೂ ಅದರ ರಬ್ಬರು ತೆಳ್ಳಗಾಗುವ ಹಾಗೆ. ಅದೇ ದಶಕದ ಆರಂಭದಲ್ಲಿ, 1851ರಲ್ಲಿ, ಹರ್ಮನ್ ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಲೋಕಕ್ಕೆ ಕೊಟ್ಟಿದ್ದ. ಪಾಪೆಯ ಮೂಲಕ ಬೆಳಕು ಹಾಯಿಸಿ ಬದುಕಿರುವವರ ಕಣ್ಣಿನ ಒಳಗೋಡೆಯನ್ನು ನೋಡುವುದು ಆಗ ಮೊದಲ ಬಾರಿಗೆ ಸಾಧ್ಯವಾಯಿತು. ನಂಬರ್ ಹೆಚ್ಚಿದ್ದವರಲ್ಲಿ ದೃಷ್ಟಿನರದ ಬುಡದಲ್ಲಿ ಬಿಳಿಯ ಅರ್ಧಚಂದ್ರದಂಥ ಕಲೆ ಕಾಣುತ್ತಿತ್ತು. ಕಂದು ಪೊರೆ ತೆಳುವಾಗಿ ಅಥವಾ ಸರಿದುಹೋಗಿ ಹಿಂದಿನ ಬಿಳಿ ಹೊದಿಕೆ ಇಣುಕುತ್ತಿದ್ದ ಜಾಗ ಅದು. ತೆಳುವಾಗಿದೆ ಎಂದು ವೈದ್ಯರಿಗೆ ಕಾಣುತ್ತಿತ್ತು, ಎಷ್ಟು ತೆಳು ಎಂದು ಹೇಳಲಾಗುತ್ತಿರಲಿಲ್ಲ.

ಓದಿನ ದೋಷವೋ, ವಂಶದ ದೋಷವೋ?

ಈ ನಡುವೆ ಇನ್ನೊಂದು ಬಗೆಯ ಎಣಿಕೆಯೂ ನಡೆದಿತ್ತು. 1813ರಲ್ಲಿ ಜೇಮ್ಸ್ ವೇರ್ ಎಂಬ ಲಂಡನ್ನಿನ ವೈದ್ಯ, ಸುಮಾರು ಹತ್ತು ಸಾವಿರ ಕಾಲ್ದಳದ ಸೈನಿಕರಲ್ಲಿ ಸಮೀಪದೃಷ್ಟಿ ಹೆಚ್ಚುಕಡಿಮೆ ಇಲ್ಲವೇ ಇಲ್ಲವೆಂದೂ, ಆಕ್ಸ್‌ಫರ್ಡಿನ ಒಂದು ಕಾಲೇಜಿನ 127 ಮಂದಿಯಲ್ಲಿ 32 ಮಂದಿ ಗಾಜು ಬಳಸುತ್ತಿದ್ದರೆಂದೂ ಬರೆದ. 1867ರಲ್ಲಿ ಹರ್ಮನ್ ಕೋನ್ ಎಂಬ ವೈದ್ಯ ಬ್ರೆಸ್ಲಾವ್ ನಗರ ಮತ್ತು ಅದರ ಸುತ್ತಿನ ಹಳ್ಳಿಗಳ 10,060 ಶಾಲಾಮಕ್ಕಳ ಕಣ್ಣನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದ. ಹಳ್ಳಿಯ ಶಾಲೆಗಳಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಇದ್ದ ಸಮೀಪದೃಷ್ಟಿ, ಕಾಲೇಜಿಗೆ ಸಿದ್ಧಗೊಳಿಸುವ ನಗರದ ಪ್ರೌಢಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತಾರರಷ್ಟಿತ್ತು. ತರಗತಿ ಏರಿದಂತೆ ನಂಬರೂ ಏರುತ್ತಿತ್ತು. ತರಗತಿಗೆ ಬೆಳಕು ಸಾಲದು, ಬೆಂಚು ಸರಿಯಿಲ್ಲ, ಅಕ್ಷರ ಸಣ್ಣದು ಎಂದು ಕೋನ್ ಗುಡುಗಿದ. ಯುರೋಪಿನ ಎಷ್ಟೋ ಶಾಲೆಗಳ ಕಿಟಕಿಗಳು ದೊಡ್ಡವಾದದ್ದು ಈ ಚಳವಳಿಯ ಫಲ.

20ನೆಯ ಶತಮಾನ ಬಂದಂತೆ ಗಾಳಿ ತಿರುಗಿತು. ಸ್ವಿಟ್ಜರ್ಲೆಂಡಿನ ಸ್ಟೈಗರ್ 1913ರಲ್ಲಿ, ಮನುಷ್ಯರ ಎತ್ತರದಂತೆ ಕಣ್ಣಿನ ಉದ್ದವೂ ವಂಶದಿಂದ ಬರುವ ವ್ಯತ್ಯಾಸವೆಂದು ವಾದಿಸಿದ. ಲಂಡನ್ನಿನ ಆರ್ನಾಲ್ಡ್ ಸೋರ್ಸ್‌ಬಿ 1950 ಮತ್ತು 60ರ ದಶಕಗಳಲ್ಲಿ ಅವಳಿಗಳನ್ನೂ ಸೇರಿಸಿ ಅನೇಕರ ಕಣ್ಣನ್ನು ಅಳೆದು ಅನುವಂಶೀಯತೆಯ ಪಕ್ಷಕ್ಕೆ ಬಲ ಕೊಟ್ಟ. ‘ಅಪ್ಪನದೇ ಕಣ್ಣು, ಏನು ಮಾಡುವುದು’ ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತಿಗೆ ಬಹುಕಾಲ ವಿಜ್ಞಾನದ ಮುದ್ರೆಯೂ ಇತ್ತು ಎಂದಾಯಿತು. ಒಟ್ಟಿನಲ್ಲಿ ಹಣೆಬರಹ.

ಅಷ್ಟರಲ್ಲಿ ಅಳತೆಯ ಉಪಕರಣಗಳು ಮುಂದುವರಿದಿದ್ದುವು. 1938ರಲ್ಲಿ ರಷ್ಟನ್ ಎಂಬ ಇಂಗ್ಲಿಷ್ ವೈದ್ಯ ಎಕ್ಸ್‌ಕಿರಣವನ್ನು ಬಳಸಿದ. ಕತ್ತಲೆಯಲ್ಲಿ ಕುಳಿತವರ ಕಣ್ಣಿಗೆ ತೆಳುವಾದ ಎಕ್ಸ್‌ಕಿರಣದ ಹಾಳೆ ತಾಗಿದರೆ ಅವರಿಗೆ ಮಂದವಾದ ಉಂಗುರ ಕಾಣುತ್ತದೆ. ಕಿರಣವನ್ನು ಹಿಂದಕ್ಕೆ ಸರಿಸಿದಂತೆ ಉಂಗುರ ಕುಗ್ಗಿ ಚುಕ್ಕೆಯಾದಾಗ ಕಣ್ಣಿನ ಹಿಂತುದಿ ಸಿಕ್ಕಿತು. ಜಾಣತನದ ಉಪಾಯವೇ ಹೌದು, ಆದರೆ ಮಕ್ಕಳ ಕಣ್ಣಿಗೆ ಎಕ್ಸ್‌ಕಿರಣ ಬಿಡುವುದು ಯಾರಿಗೆ ಬೇಕು? 1956ರಲ್ಲಿ ಅಮೆರಿಕದ ಮಂಟ್ ಮತ್ತು ಹ್ಯೂಸ್ ಎಂಬವರು ಕಣ್ಣಿನೊಳಕ್ಕೆ ಶ್ರವಣಾತೀತ ಧ್ವನಿಯನ್ನು ಕಳಿಸಿ ಅದರ ಪ್ರತಿಧ್ವನಿಯನ್ನು ಹಿಡಿದರು. ಬಾವಿಗೆ ಕೂಗಿ ಆಳ ತಿಳಿಯುವಂಥ ಈ ವಿಧಾನದಿಂದ ಕಣ್ಣಿನ ಉದ್ದ ಎಲ್ಲ ಆಸ್ಪತ್ರೆಗಳಲ್ಲಿಯೂ ಅಳೆಯಬಹುದಾದ ವಿಷಯವಾಯಿತು. ಮೋತಿಬಿಂದು ಶಸ್ತ್ರಚಿಕಿತ್ಸೆಗೆ ಮೊದಲು, ಒಳಗೆ ಕೂರಿಸುವ ಮಸೂರದ ಲೆಕ್ಕಕ್ಕಾಗಿ, ನಮ್ಮ ತಂದೆತಾಯಿಗಳ ಕಣ್ಣಿನ ಉದ್ದವನ್ನು ಅಳೆಯುವುದೂ ಇದಕ್ಕಾಗಿಯೇ.

ಕೋಳಿಮರಿ ಕಲಿಸಿದ ಪಾಠ

ಹಣೆಬರಹದ ವಾದಕ್ಕೆ ಪೆಟ್ಟು ಬಿದ್ದದ್ದು 1977ರಲ್ಲಿ. ಅಮೆರಿಕದ ಟಾರ್ಸ್ಟನ್ ವೀಸೆಲ್ ಮತ್ತು ಎಲಿಯೊ ರವಿಯೋಲಾ ಎಂಬ ವಿಜ್ಞಾನಿಗಳು, ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ರೆಪ್ಪೆ ಮುಚ್ಚಿಸಿದ ಕೋತಿಮರಿಗಳ ಆ ಕಣ್ಣು ಉದ್ದವಾಗಿ ಬೆಳೆದು ಸಮೀಪದೃಷ್ಟಿ ಬಂದದ್ದನ್ನು ವರದಿ ಮಾಡಿದರು. ಒಂದೇ ಮರಿ, ಒಂದೇ ವಂಶ, ಎರಡು ಕಣ್ಣು. ಮುಚ್ಚಿದ ಕಣ್ಣು ಮಾತ್ರ ಉದ್ದ! ನೋಟವೇ ಕಣ್ಣಿನ ಬೆಳವಣಿಗೆಯನ್ನು ನಡೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮುಂದಿನ ಹೆಜ್ಜೆ ನ್ಯೂಯಾರ್ಕಿನ ಜೋಶ್ ವಾಲ್‌ಮನ್ ಮತ್ತು ಸಂಗಡಿಗರದು. ಅವರು ಆರಿಸಿಕೊಂಡದ್ದು ಕೋಳಿಮರಿಗಳನ್ನು. ಬಿಂಬ ರೆಟಿನಾದ ಮುಂದೆ ಮೂಡುವಂತೆ ಮರಿಯ ಕಣ್ಣಿಗೆ ಮಸೂರ ಕಟ್ಟಿದರೆ, ರೆಟಿನಾದ ಹಿಂದಿನ ಕಂದು ಪೊರೆ ದಪ್ಪಗಾಗಿ ರೆಟಿನಾವನ್ನು ಬಿಂಬದ ಕಡೆಗೆ ಮುಂದಕ್ಕೆ ತಳ್ಳುತ್ತಿತ್ತು. ಬಿಂಬ ಹಿಂದೆ ಮೂಡುವಂಥ ಮಸೂರ ಕಟ್ಟಿದರೆ ಪೊರೆ ತೆಳುವಾಗಿ ರೆಟಿನಾವನ್ನು ಹಿಂದಕ್ಕೆ ಬಿಡುತ್ತಿತ್ತು. ಇದನ್ನು ಅವರು 1995ರಲ್ಲಿ ಪ್ರಕಟಿಸಿದರು. ಬರಿಯ ರಕ್ತದ ಕಾಲುವೆಯೆಂದು ನೂರಾರು ವರ್ಷ ತಿಳಿದಿದ್ದ ಕೋರಾಯ್ಡ್, ಪರದೆಯನ್ನು ಹಿಂದೆ ಮುಂದೆ ಸರಿಸಿ ಬಿಂಬಕ್ಕೆ ಹೊಂದಿಸುವ ಕೆಲಸವನ್ನೂ ಮಾಡುತ್ತಿತ್ತು.

ಮನುಷ್ಯರಲ್ಲಿಯೂ ಹೀಗೆಯೇ ಎಂದು ಹೇಳಬೇಕಾದರೆ ಆ ಪೊರೆಯನ್ನು ಅಳೆಯಬೇಕು. ಅದರ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇನಲ್ಲ. ಅಷ್ಟು ಸೂಕ್ಷ್ಮಕ್ಕೆ ಧ್ವನಿ ಸಾಲದು, ಬೆಳಕೇ ಬೇಕು.

ಬೆಳಕಿನ ಪ್ರತಿಧ್ವನಿ

1991ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮೊದಲಾದವರು ಹೊಸ ಉಪಕರಣವೊಂದನ್ನು ಪ್ರಕಟಿಸಿದರು. ಇಂದು ಕಣ್ಣಾಸ್ಪತ್ರೆಗಳಲ್ಲಿ ಓಸಿಟಿ ಎಂದು ಕರೆಯುವುದು ಇದನ್ನೇ. ಮೈಕೆಲ್ಸನ್ನನ ವ್ಯತಿಕರಣಮಾಪಕವನ್ನು ಓದಿದವರಿಗೆ ತತ್ವ ಹೊಸದಲ್ಲ. ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಕನ್ನಡಿಗೂ ಇನ್ನೊಂದನ್ನು ಕಣ್ಣಿಗೂ ಕಳಿಸಿ, ಮರಳಿ ಬಂದ ಎರಡನ್ನೂ ಕೂಡಿಸಿ ನೋಡಿದರೆ, ಕಣ್ಣಿನ ಯಾವ ಆಳದಿಂದ ಬೆಳಕು ಮರಳಿತು ಎಂಬುದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ನಿಖರವಾಗಿ ತಿಳಿಯುತ್ತದೆ. ಕಣ್ಣಿಗೆ ಏನನ್ನೂ ತಾಗಿಸಬೇಕಿಲ್ಲ, ಗಲ್ಲವನ್ನು ಯಂತ್ರದ ಮೇಲಿಟ್ಟು ಅಲುಗಾಡದೆ ಕುಳಿತರೆ ಸಾಕು.

ರೆಟಿನಾದ ಪದರಗಳೆಲ್ಲ ಗರಿಗರಿಯಾಗಿ ಕಂಡುವು. ಆದರೆ ರೆಟಿನಾದ ತಳದ ಬಣ್ಣದ ಪದರ ಬೆಳಕನ್ನು ಚದುರಿಸಿಬಿಡುವುದರಿಂದ ಅದರ ಹಿಂದಿನ ಕೋರಾಯ್ಡ್ ಮಸುಕಾಗಿಯೇ ಉಳಿಯಿತು. ಇದಕ್ಕೆ ಉಪಾಯ ಕಂಡದ್ದು 2008ರಲ್ಲಿ, ನ್ಯೂಯಾರ್ಕಿನ ರಿಚರ್ಡ್ ಸ್ಪೇಡ್ ಮತ್ತು ಸಹೋದ್ಯೋಗಿಗಳು. ಹೊಸ ಯಂತ್ರವನ್ನೇನೂ ಅವರು ಕೊಳ್ಳಲಿಲ್ಲ. ಇದ್ದ ಯಂತ್ರವನ್ನೇ ಕಣ್ಣಿಗೆ ಇನ್ನಷ್ಟು ಹತ್ತಿರ ತಂದರು. ಚಿತ್ರ ತಲೆಕೆಳಗಾಯಿತು, ಆದರೆ ಯಂತ್ರದ ಸೂಕ್ಷ್ಮತೆ ಹೆಚ್ಚಿರುವ ಕಡೆಗೆ ಕೋರಾಯ್ಡ್ ಬಂದು ಕುಳಿತಿತು. ಅನೇಕ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದಾಗ ಕಂದು ಪೊರೆಯ ಹಿಂದಿನ ಅಂಚು ಕೂಡ ಸ್ಪಷ್ಟವಾಯಿತು.

ಮರುವರ್ಷವೇ, 2009ರಲ್ಲಿ, ಅಂಕಿಗಳು ಬಂದುವು. ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ಆರೋಗ್ಯವಾದ ಕಣ್ಣುಗಳಲ್ಲಿ, ನೋಟದ ನಟ್ಟನಡುವಿನಲ್ಲಿ, ಕೋರಾಯ್ಡಿನ ಸರಾಸರಿ ದಪ್ಪ 287 ಮೈಕ್ರಾನ್. ಸರಾಸರಿ ಮೈನಸ್ ಹನ್ನೆರಡರ ಹತ್ತಿರ ನಂಬರ್ ಇದ್ದ, ಸರಾಸರಿ ಅರವತ್ತು ವಯಸ್ಸಿನವರ ಕಣ್ಣುಗಳಲ್ಲಿ ಕೇವಲ 93. ವಯಸ್ಸಿನಿಂದಲೂ ಪೊರೆ ಸವೆಯುತ್ತದೆ ಎಂಬುದನ್ನು ಕಳೆದರೂ ವ್ಯತ್ಯಾಸ ದೊಡ್ಡದೇ. ಆ ಗುಂಪಿನಲ್ಲಿ ನಂಬರ್ ಒಂದೊಂದು ಏರಿದಂತೆ ಪೊರೆ ಸುಮಾರು 9 ಮೈಕ್ರಾನಿನಷ್ಟು ತೆಳುವಾಗುತ್ತಿತ್ತು. ಕಾರ್ನಿಯಾದ ದಪ್ಪ, ಅದು ಸುಮಾರು 540 ಮೈಕ್ರಾನ್, ಇಷ್ಟು ನಿಯಮಿತವಾಗಿ ನಂಬರನ್ನು ಹಿಂಬಾಲಿಸುವುದಿಲ್ಲ. ರೆಟಿನಾ ಕೂಡ ನಟ್ಟನಡುವೆ ಅಷ್ಟಾಗಿ ತೆಳುವಾಗದೆ ಅಂಚಿನ ಕಡೆಗೆ ತೆಳುವಾಗುತ್ತದೆ. ಕಣ್ಣು ಹಿಗ್ಗಿದ್ದರ ಬೆಲೆಯನ್ನು ಹೆಚ್ಚಾಗಿ ತೆರುವುದು ರೆಟಿನಾಕ್ಕೆ ಅನ್ನ ಹಾಕುವ ಆ ಕಂದು ಪೊರೆಯೇ.

2010ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸಂಶೋಧಕರು ಮನುಷ್ಯರಿಗೂ ಮಸೂರ ಕಟ್ಟಿ ನೋಡಿದರು. ಒಂದು ಗಂಟೆಯೊಳಗೆ ಪೊರೆಯ ದಪ್ಪ ಬದಲಾಯಿತು. ಬದಲಾದದ್ದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು, ದಿಕ್ಕು ಮಾತ್ರ ಕೋಳಿಮರಿಯದೇ.

ನಮ್ಮ ಮಕ್ಕಳಿಗೆ ಇದರಿಂದೇನು?

ಇಷ್ಟು ದೂರದ ಕಥೆಯನ್ನು ಹೇಳಿದ್ದು ನಮ್ಮ ಮನೆಗಳ ಸಲುವಾಗಿ. ಬೆಳೆಯುವ ಕಣ್ಣು ತನ್ನ ಮೇಲೆ ಬೀಳುವ ಬಿಂಬವನ್ನು ನೋಡಿಕೊಂಡು ಬೆಳೆಯುತ್ತದೆ. ವಂಶದ ಪಾಲು ಇದ್ದೇ ಇದೆ. ತಂದೆತಾಯಿ ಇಬ್ಬರಿಗೂ ಸಮೀಪದೃಷ್ಟಿ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ಉಳಿದ ಪಾಲು ಮಗು ಹೇಗೆ ದಿನ ಕಳೆಯುತ್ತದೆ ಎಂಬುದರಲ್ಲಿದೆ.

ದೆಹಲಿಯ ಲೆಕ್ಕವನ್ನೇ ನೋಡೋಣ. 2002ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಇಲ್ಲಿನ 5ರಿಂದ 15 ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ಶೇಕಡ 7.4ರಷ್ಟಿತ್ತು. 2015ರಲ್ಲಿ ಪ್ರಕಟವಾದ, ಇಲ್ಲಿನ ಶಾಲೆಗಳ 9,884 ಮಕ್ಕಳ ಸಮೀಕ್ಷೆಯಲ್ಲಿ ಅದು ಶೇಕಡ 13.1. ಎರಡರ ವಿಧಾನ ಒಂದೇ ಅಲ್ಲವಾದ್ದರಿಂದ ಕಣ್ಣು ಮುಚ್ಚಿ ಹೋಲಿಸುವುದು ತರವಲ್ಲ. ಆದರೆ ಎರಡನೆಯ ಸಮೀಕ್ಷೆ ಹೇಳಿದ ಇನ್ನೊಂದು ಮಾತು ಮುಖ್ಯ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಓದು ಬರಹದಲ್ಲಿ ಕಳೆಯುವ ಮಕ್ಕಳಲ್ಲಿ ದೋಷ ಹೆಚ್ಚು, ಎರಡು ಗಂಟೆಗಿಂತ ಹೆಚ್ಚು ಬಯಲಿನಲ್ಲಿ ಕಳೆಯುವವರಲ್ಲಿ ಕಡಿಮೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳ ಚಿಕ್ಕ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗಿನ ಪಾಠ ಇಟ್ಟರು. ಮೂರು ವರ್ಷಗಳ ಕೊನೆಯಲ್ಲಿ ಅವರಲ್ಲಿ ಶೇಕಡ 30ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಉಳಿದ ಶಾಲೆಗಳಲ್ಲಿ ಶೇಕಡ 40ರ ಹತ್ತಿರ. ಇದು 2015ರ ವರದಿ. ಪೂರ್ತಿ ತಪ್ಪಲಿಲ್ಲ ನಿಜ. ಆದರೆ ಬಿಸಿಲು ಬೆಳಕಿಗೆ ಖರ್ಚೇನು?

ಪರ ಊರಿಗೆ ಬಂದ ನಮಗೆ ಮಕ್ಕಳ ಓದೇ ಆಸ್ತಿ. ಊರಿನ ಗದ್ದೆಯಲ್ಲಿ ಪಾಲು ಕೇಳುವ ಹಾಗಿಲ್ಲ, ಇಲ್ಲಿ ಮನೆ ಎರಡು ಕೋಣೆಯದು, ಆದ್ದರಿಂದ ಮಾರ್ಕು ಬೇಕು, ಸೀಟು ಬೇಕು. ಶಾಲೆ ಮುಗಿದರೆ ಟ್ಯೂಷನ್, ಟ್ಯೂಷನ್ ಮುಗಿದರೆ ಮೊಬೈಲಿನಲ್ಲಿ ಇನ್ನೊಂದು ಪಾಠ. ಓದನ್ನು ಬಿಡಿ ಎಂದು ಹೇಳುವ ಧೈರ್ಯ ನಮಗೂ ಇಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಹಗಲಿನಲ್ಲಿ ಎರಡು ಗಂಟೆ ಮಗು ಆಕಾಶದ ಕೆಳಗಿರುವಂತೆ ನೋಡಿಕೊಳ್ಳುವುದು ಓದಿನಷ್ಟೇ ದೊಡ್ಡ ಜವಾಬ್ದಾರಿ. ಚಳಿಗಾಲದಲ್ಲಿ ಇಲ್ಲಿನ ಗಾಳಿ ಕೆಟ್ಟಿರುವ ದಿನಗಳಲ್ಲಿ ಅದೂ ಕಷ್ಟವೇ. ಉಳಿದ ತಿಂಗಳುಗಳನ್ನಾದರೂ ಕಳೆದುಕೊಳ್ಳಬಾರದು.

ಇನ್ನೊಂದು ಮಾತನ್ನು ಹೇಳಲೇಬೇಕು. ನೌಕರಿಯ ವೈದ್ಯಕೀಯ ಪರೀಕ್ಷೆಗಾಗಿಯೋ ಮದುವೆಗಾಗಿಯೋ ಅನೇಕರು ಲೇಸರ್ ಚಿಕಿತ್ಸೆ ಮಾಡಿಸಿಕೊಂಡು ಕನ್ನಡಕ ತೆಗೆಯುತ್ತಾರೆ. ಲೇಸರ್ ಸವರುವುದು ಮುಂದಿನ ಕಾರ್ನಿಯಾವನ್ನು. ಹಿಂದೆ ಹಿಗ್ಗಿದ ಗೋಡೆ ಹಿಗ್ಗಿದಂತೆಯೇ ಇರುತ್ತದೆ, ತೆಳುವಾದ ಪೊರೆ ತೆಳುವಾಗಿಯೇ ಇರುತ್ತದೆ. ಕನ್ನಡಕ ಹೋಯಿತು, ಕಣ್ಣು ಸರಿಯಾಯಿತು ಎಂದು ಪರೀಕ್ಷೆಯನ್ನೇ ನಿಲ್ಲಿಸುವುದು ಅಪಾಯ. ಮೈನಸ್ ಆರಕ್ಕಿಂತ ಹೆಚ್ಚು ನಂಬರ್ ಇರುವವರು, ಅಥವಾ ಹಿಂದೆ ಇದ್ದವರು, ವರ್ಷಕ್ಕೊಮ್ಮೆ ಪಾಪೆ ಅಗಲ ಮಾಡುವ ಹನಿ ಹಾಕಿಸಿಕೊಂಡು ರೆಟಿನಾವನ್ನು ತೋರಿಸಿಕೊಳ್ಳಬೇಕು. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಸುರಿದಂತಾದರೆ, ಅಥವಾ ಪಕ್ಕದಿಂದ ಪರದೆ ಎಳೆದಂತಾದರೆ ಅದು ರೆಟಿನಾ ಹರಿದು ಕಳಚುತ್ತಿರುವ ಸೂಚನೆಯಾಗಿರಬಹುದು. ನಾಳೆ ರಜೆ ಹಾಕಿ ಹೋಗೋಣ ಎನ್ನದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಲ್ಲಿ ನಂಬರ್ ಬೇಗಬೇಗ ಏರುತ್ತಿದ್ದರೆ ಅದನ್ನು ನಿಧಾನಿಸಲು ಕಡಿಮೆ ಪ್ರಮಾಣದ ಅಟ್ರೊಪೀನ್ ಹನಿ, ವಿಶೇಷ ಮಸೂರಗಳು ಬಂದಿವೆ. ಯಾರಿಗೆ ಯಾವುದು ಎಂಬುದನ್ನು ಕಣ್ಣಿನ ವೈದ್ಯರೇ ನಿರ್ಧರಿಸಬೇಕು. ಅವರು ನಿರ್ಧರಿಸುವುದಕ್ಕೆ ನಾವು ಒದಗಿಸಬಹುದಾದದ್ದು ಒಳ್ಳೆಯ ದಾಖಲೆ. ಕಡತ ಇಡುವುದು ನಮ್ಮ ಕಸುಬಾದ್ದರಿಂದ ಈ ಸಲಹೆಯನ್ನು ಅಧಿಕಾರದಿಂದಲೇ ಕೊಡುತ್ತೇವೆ. ಮಗುವಿನ ಹೆಸರಿನಲ್ಲಿ ಒಂದು ಫೈಲು ತೆರೆಯಿರಿ. ಪ್ರತಿ ವರ್ಷ ನಂಬರಿನ ಚೀಟಿಯ ಜೊತೆಗೆ ಕಣ್ಣಿನ ಉದ್ದ ಎಷ್ಟು ಮಿಲಿಮೀಟರ್ ಎಂದು ಕೇಳಿ, ಅಳೆಯಿಸಿ, ದಿನಾಂಕ ಹಾಕಿ ಬರೆದಿಡಿ. ಯಂಗ್ ಕೈವಾರ ಒತ್ತಿ ಪಡೆದ ಆ ಅಂಕಿಗೆ ಈಗ ಬೇಕಾಗುವುದು ಎರಡು ನಿಮಿಷ.